‘ಓದಿದ್ರೆ ಅರ್ಥ ಆಗುತ್ತೆ, ಕೇಳಿದ್ರೆ ಯಾಕೆ ಆಗಲ್ಲ ಮೇಡಂ?’

ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಹೇಳಿಕೊಡುವ ನನಗೆ ಪ್ರತಿ ಬ್ಯಾಚಿನಲ್ಲೂ ಈ ಪ್ರಶ್ನೆ ಬರುತ್ತದೆ. ಪುಸ್ತಕದಲ್ಲಿರುವ ವಾಕ್ಯವನ್ನು ಸಲೀಸಾಗಿ ಓದಿ ಅರ್ಥ ಹೇಳಿದವರೇ, ಅದೇ ವಾಕ್ಯವನ್ನು ಮೆಕ್ಸಿಕೊದವರ ದನಿಯಲ್ಲಿ ಕೇಳಿಸಿದಾಗ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಅವರು ತುಂಬಾ ಸ್ಪೀಡು ಮೇಡಂ’ ಅನ್ನುತ್ತಾರೆ.

ಸ್ಪೀಡು ಅನ್ನುವುದು ಸುಳ್ಳಲ್ಲ. 2011ರಲ್ಲಿ ಪ್ರಕಟವಾದ ಫ್ರಾನ್ಸಿನ ಸಂಶೋಧಕರ ಅಧ್ಯಯನವೊಂದರ ಪ್ರಕಾರ ಸ್ಪ್ಯಾನಿಷ್‌ನವರು ಸೆಕೆಂಡಿಗೆ ಸುಮಾರು 7.8 ಉಚ್ಚಾರಾಂಶ (ಸಿಲಬಲ್) ಆಡುತ್ತಾರೆ, ಇಂಗ್ಲಿಷ್‌ನವರು ಸುಮಾರು 6.2. ಆದರೆ ಆಡಿಯೊವನ್ನು ನಿಧಾನ ಮಾಡಿ ಕೇಳಿಸಿದರೂ ನನ್ನ ವಿದ್ಯಾರ್ಥಿಗಳಿಗೆ ಪದ ಸಿಗುವುದಿಲ್ಲ. ಅಂದ ಮೇಲೆ ತೊಡಕು ಬೇರೆಲ್ಲೋ ಇದೆ.

ಎಲ್ಲಿ ಅನ್ನುವುದನ್ನು ಒಬ್ಬ ಹುಡುಗಿಯ ನೋಟ್‌ಬುಕ್ ನನಗೆ ತೋರಿಸಿಕೊಟ್ಟಿತು. ‘ಇವತ್ತು ರಾತ್ರಿ ಏನು ಮಾಡ್ತೀಯ?’ ಅನ್ನುವ ವಾಕ್ಯ ಕೇಳಿಸಿದ್ದೆ. ಪುಸ್ತಕದಲ್ಲಿ ಅದು ಬಿಡಿಬಿಡಿಯಾಗಿ ಹೀಗಿರುತ್ತದೆ: ಕೆ, ಬಾಸ್, ಆ, ಆಸೆರ್, ಎಸ್ತಾ, ನೋಚೆ. ಅವಳು ‘ಬಾಸ’, ‘ಸೆರೆಸ್ತ’ ಎಂದು ಎರಡು ಪದ ಬರೆದುಕೊಂಡು, ‘ಸೆರೆಸ್ತ’ಕ್ಕೆ ಮೊಬೈಲಿನ ಡಿಕ್ಷನರಿಯಲ್ಲಿ ಅರ್ಥ ಹುಡುಕುತ್ತಿದ್ದಳು. ಅದು ಯಾವ ಡಿಕ್ಷನರಿಯಲ್ಲೂ ಇಲ್ಲ. ಆದರೆ ಅವಳ ಕಿವಿ ತಪ್ಪು ಕೇಳಿರಲಿಲ್ಲ. ಹೇಳಿದವರ ಬಾಯಿಂದ ಬಂದದ್ದೇ ‘ಕೆಬಾಸಾಸೆರೆಸ್ತನೋಚೆ’. ಸ್ಪ್ಯಾನಿಷ್‌ನಲ್ಲಿ ಪದದ ಕೊನೆಯ ವ್ಯಂಜನ ಮುಂದಿನ ಪದದ ಸ್ವರಕ್ಕೆ ಅಂಟಿಕೊಳ್ಳುತ್ತದೆ, ಅಕ್ಕಪಕ್ಕದ ಸ್ವರಗಳು ಒಂದರಲ್ಲೊಂದು ಕರಗುತ್ತವೆ. ‘ಲಾ ಅಬ್ವೇಲಾ’, ಅಂದರೆ ಅಜ್ಜಿ, ಮಾತಿನಲ್ಲಿ ‘ಲಬ್ವೇಲಾ’ ಆಗುತ್ತಾಳೆ. ಬರಹದಲ್ಲಿ ಕಾಣುವ ಜಾಗ ಬಾಯಲ್ಲಿ ಇರುವುದೇ ಇಲ್ಲ.

ಇದು ನಮಗೆ ಹೊಸದಲ್ಲ. ‘ಅವನು ಎಲ್ಲಿ’ ಎಂದು ಬರೆದರೂ ನಾವು ಆಡುವುದು ‘ಅವನೆಲ್ಲಿ’. ಪುಸ್ತಕದಿಂದ ‘ಬರುತ್ತಾ ಇದ್ದೇನೆ’ ಕಲಿತು ಬೆಂಗಳೂರಿಗೆ ಬಂದವರು ನಮ್ಮ ‘ಬರ್ತಿದೀನಿ’ ಕೇಳಿ ತಬ್ಬಿಬ್ಬಾಗುವುದನ್ನು ನೋಡಿಯೇ ಇದ್ದೇವೆ. ಸಂಧಿ ಬಿಡಿಸುವ ಕಿವಿ ನಮಗೆ ಕನ್ನಡದಲ್ಲಿ ಹುಟ್ಟಿನಿಂದಲೇ ಬಂದಿದೆ. ಸ್ಪ್ಯಾನಿಷ್‌ಗೆ ಅದನ್ನು ಬೇರೆಯಾಗಿ ಬೆಳೆಸಿಕೊಳ್ಳಬೇಕು.

ಇದಕ್ಕಿಂತ ಗಟ್ಟಿ ತೊಡಕು ಒತ್ತಿನದು. ಒತ್ತು ಅಂದರೆ ಇಲ್ಲಿ ಒತ್ತಕ್ಷರವಲ್ಲ, ಪದದ ಒಂದು ಉಚ್ಚಾರಾಂಶವನ್ನು ಉಳಿದವಕ್ಕಿಂತ ಬಲವಾಗಿ ಹೇಳುವುದು. ‘ತೆರ್ಮಿನೊ’ ಎಂಬ ಒಂದೇ ಅಕ್ಷರಗುಂಪಿನಲ್ಲಿ ಒತ್ತು ‘ತೆ’ ಮೇಲೆ ಬಿದ್ದರೆ ‘ಅವಧಿ’, ‘ಮಿ’ ಮೇಲೆ ಬಿದ್ದರೆ ‘ಮುಗಿಸುತ್ತೇನೆ’, ‘ನೊ’ ಮೇಲೆ ಬಿದ್ದರೆ ‘ಮುಗಿಸಿದಳು’ ಅಥವಾ ‘ಮುಗಿಸಿದ’. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ, ಸ್ವರದ ಉದ್ದ ಬದಲಾದರೆ ಆಗುತ್ತದೆ: ಬಳೆ ಬೇರೆ, ಬಾಳೆ ಬೇರೆ. ಹಾಗಾಗಿ ನಮ್ಮವರು ಸ್ಪ್ಯಾನಿಷ್ ಒತ್ತನ್ನು ದೀರ್ಘವೆಂದೇ ಕೇಳಿಸಿಕೊಳ್ಳುತ್ತಾರೆ. ತೇರ್ಮಿನೊ, ತೆರ್ಮೀನೊ, ತೆರ್ಮಿನೋ ಎಂದು ಬರೆದುಕೊಳ್ಳುತ್ತಾರೆ. ಶುರುವಿಗೆ ಒಳ್ಳೆಯ ಊರುಗೋಲು. ಆದರೆ ಒತ್ತು ಬಿದ್ದ ಸ್ವರ ಅಲ್ಲಿ ನಮ್ಮ ದೀರ್ಘದಷ್ಟು ಎಳೆಯುವುದಿಲ್ಲ, ದನಿಯ ಏರಿಳಿತವೂ ಅದರಲ್ಲಿ ಸೇರಿರುತ್ತದೆ. ದೀರ್ಘವನ್ನಷ್ಟೇ ಕಾಯುತ್ತಾ ಕೂತ ಕಿವಿಗೆ ವೇಗದ ಮಾತಿನಲ್ಲಿ ಅದು ಸಿಗುವುದಿಲ್ಲ.

ಸ್ಪ್ಯಾನಿಷ್ ಮಾತೃಭಾಷೆಯವರು ಈ ಒತ್ತನ್ನು ಎಷ್ಟು ನೆಚ್ಚಿಕೊಂಡಿದ್ದಾರೆ ಅನ್ನುವುದಕ್ಕೆ ಒಂದು ಪ್ರಯೋಗವಿದೆ. ಸೋತೊ-ಫರಾಕೊ, ಸೆಬಾಸ್ಟಿಯಾನ್-ಗಾಯೆಸ್ ಮತ್ತು ಆನ್ ಕಟ್ಲರ್ 2001ರಲ್ಲಿ ಪ್ರಕಟಿಸಿದ್ದು. ‘ಪ್ರಿನ್ಸಿ’ ಎಂಬ ಪದದ ತುಂಡಿನಲ್ಲಿ ನಿಂತುಬಿಡುವ ವಾಕ್ಯವನ್ನು ಕೇಳಿಸಿ, ತಕ್ಷಣ ಪರದೆಯ ಮೇಲೆ ಪದವೊಂದನ್ನು ತೋರಿಸುತ್ತಾರೆ. ಒತ್ತು ಮೊದಲ ಉಚ್ಚಾರಾಂಶದ ಮೇಲಿದ್ದರೆ ಅದು ‘ಪ್ರಿನ್ಸಿಪೆ’ (ರಾಜಕುಮಾರ) ಎಂಬ ಪದದ ಮೊದಲ ತುಂಡು, ಎರಡನೆಯದರ ಮೇಲಿದ್ದರೆ ‘ಪ್ರಿನ್ಸಿಪಿಯೊ’ (ಆರಂಭ) ಎಂಬ ಪದದ್ದು. ಕೇಳಿದ ಒತ್ತಿಗೆ ಹೊಂದದ ಪದ ಪರದೆಯಲ್ಲಿ ಬಂದರೆ ಅವರು ಗುರುತಿಸುವುದು ತಡವಾಗುತ್ತಿತ್ತು. ಪದ ಮುಗಿಯುವ ಮೊದಲೇ ಅವರ ಕಿವಿ ಒತ್ತನ್ನು ಹಿಡಿದು ಒಂದನ್ನು ಆರಿಸಿ, ಇನ್ನೊಂದನ್ನು ಬದಿಗೆ ಸರಿಸಿರುತ್ತದೆ. ನಾವು ಎರಡನ್ನೂ ತಲೆಯಲ್ಲಿ ಹೊತ್ತುಕೊಂಡು ಕಾಯುತ್ತಿರುವಾಗ ಅವರು ಮುಂದಿನ ವಾಕ್ಯಕ್ಕೆ ಹೋಗಿರುತ್ತಾರೆ. ಒತ್ತಿನಿಂದ ಪದಗಳನ್ನು ಬೇರ್ಪಡಿಸದ ಫ್ರೆಂಚ್ ಭಾಷೆಯವರಿಗೂ ಇದೇ ಕಷ್ಟ ಎಂದು 1997ರ ಇನ್ನೊಂದು ಪ್ರಯೋಗ ತೋರಿಸಿದೆ. ಇದು ನಿಮ್ಮೊಬ್ಬರ ಬುದ್ಧಿಯ ಕೊರತೆ ಅಲ್ಲ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ.

ಹಾಗಾದರೆ ಏನು ಮಾಡಬೇಕು? ಸಬ್‌ಟೈಟಲ್ ಹಾಕಿಕೊಂಡು ಗಂಟೆಗಟ್ಟಲೆ ಸೀರಿಯಲ್ ನೋಡುವುದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಆಗ ಕೆಲಸ ಮಾಡುವುದು ಕಣ್ಣು. ನಾನು ಮಾಡಿಸುವುದು ಇಷ್ಟು: ಹತ್ತು ಸೆಕೆಂಡಿನ ಆಡಿಯೊ, ಕೇಳಿದ್ದನ್ನು ಕೇಳಿದ ಹಾಗೆ, ಜಾಗ ಬಿಡದೆ, ಕನ್ನಡ ಲಿಪಿಯಲ್ಲಿ ಬರೆಯುವುದು. ವ್ಯಂಜನ ಮುಂದಿನ ಸ್ವರಕ್ಕೆ ಅಂಟುವುದನ್ನು ನಮ್ಮ ಅಕ್ಷರ ಬಹಳ ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ಒತ್ತು ಬಿದ್ದ ಕಡೆ ಅಡಿಗೆರೆ, ಪದ ಮುರಿಯುವ ಕಡೆ ಪೆನ್ಸಿಲಿನಲ್ಲಿ ಉದ್ದಗೆರೆ. ಪಠ್ಯ ನೋಡುವುದು ಕೊನೆಗೆ.

ಮೊನ್ನೆ ಅದೇ ಹುಡುಗಿ ‘ಲೊಸೊಹೊಸಸೂಲೆಸ್’ ಎಂದು ಬರೆದಳು. ಒಂದು ನಿಮಿಷ ಅದನ್ನೇ ನೋಡಿ, ‘ಸೊ’ ಮೇಲೆ ಬೆರಳಿಟ್ಟು, ಎರಡು ಗೆರೆ ಎಳೆದಳು: ಲೊಸ್ | ಒಹೊಸ್ | ಅಸೂಲೆಸ್. ‘ನೀಲಿ ಕಣ್ಣುಗಳು ಅಲ್ವಾ ಮೇಡಂ?’ ಅಂದಳು. ಡಿಕ್ಷನರಿ ತೆಗೆದಿರಲಿಲ್ಲ.