ನೋವಿಲ್ಲವೆಂದು ಕಾಯಬೇಡಿ

ಅಕ್ಕ ಸೂಜಿಗೆ ದಾರ ಪೋಣಿಸಲು ಕೈಯನ್ನು ದೂರ ದೂರ ಚಾಚುತ್ತಿದ್ದಳು. 40 ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗುವುದು ಸಹಜ, ಅದಕ್ಕೆ ಕನ್ನಡಕ ಸಾಕು. ನನಗೆ ಚಿಂತೆ ಹುಟ್ಟಿಸುವುದು ಗ್ಲಾಕೋಮಾ, ಅಂದರೆ ಕಣ್ಣಿನ ನರವನ್ನು ಹಾಳುಮಾಡುವ ಕಾಯಿಲೆ. ಸಾಮಾನ್ಯವಾಗಿ ಅದು ನೋವೇ ಇಲ್ಲದೆ ಬಂದು ಮೊದಲು ಅಂಚಿನ ನೋಟವನ್ನು ಕಸಿಯುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ. ಹಾಗಾಗಿ "ಚೆನ್ನಾಗಿಯೇ ಕಾಣಿಸುತ್ತಿದೆಯಲ್ಲ" ಎಂಬ ಮಾತಿಗೆ ನಾನು ಒಪ್ಪುವುದಿಲ್ಲ. ಹೆತ್ತವರಿಗೆ ಗ್ಲಾಕೋಮಾ ಇದ್ದರಂತೂ ಕಣ್ಣಿನ ಪರೀಕ್ಷೆಗೆ 40ರವರೆಗೂ ಕಾಯಬಾರದು. ಅಕ್ಕನಿಗೆ ಸಕ್ಕರೆ ಕಾಯಿಲೆ ಬೇರೆ ಇದೆ. ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ಅಕ್ಷಿಪಟಲ (ಕಣ್ಣಿನೊಳಗೆ ಹಿಂಬದಿಯಲ್ಲಿರುವ ಪದರ, ರೆಟಿನಾ) ತೋರಿಸಲೇಬೇಕು. ನಾಳೆಯೇ ಕರೆದೊಯ್ಯುತ್ತೇನೆ.

ಇನ್ನೊಂದು ಮಾತು. ಇದ್ದಕ್ಕಿದ್ದಂತೆ ಕಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲಿದರೆ, ಮಿಂಚು ಹೊಳೆದರೆ, ಪಕ್ಕದಿಂದ ಪರದೆ ಸರಿದಂತಾದರೆ ಅದೇ ದಿನ ವೈದ್ಯರನ್ನು ಕಾಣಿ, ಅಕ್ಷಿಪಟಲ ಕಳಚುತ್ತಿರಬಹುದು.