ಮೀನು ಹಿಂದೆ ಬರುತ್ತೆ, ಕಚ್ಚಲ್ಲ. ಯಾಕೆ?

ಬಾಸ್ (ಬೇರೆ ಮೀನುಗಳನ್ನು ಬೇಟೆಯಾಡುವ, ದೊಡ್ಡ ಬಾಯಿಯ ಸಿಹಿನೀರಿನ ಮೀನು) ಹಿಡಿಯಲು ಗಾಳಕ್ಕೆ ದೊಡ್ಡ ಸ್ವಿಮ್‌ಬೇಟ್ ಹಾಕಲು ಶುರು ಮಾಡಿದವರು ಯಾರೇ ಸಿಕ್ಕರೂ ಮಾತು ಕೊನೆಗೆ ಇಲ್ಲಿಗೇ ಬರುತ್ತದೆ: "ಬಾಸ್ ಹಿಂದೆಯೇ ಬರುತ್ತದೆ. ದೋಣಿಯ ತನಕ ಬಂದು, ಒಂದು ಸಲ ನೋಡಿ, ತಿರುಗಿ ಹೋಗುತ್ತದೆ. ಬೇರೆ ಬಣ್ಣದ ಬೇಟ್ ತಗೊಳ್ಳಲಾ?"

ಬೇಡ. ಬಣ್ಣ ಬದಲಿಸುವುದು ಸುಲಭ, ಏನೋ ಮಾಡಿದೆವು ಅನ್ನೋ ಸಮಾಧಾನವೂ ಸಿಗುತ್ತದೆ. ಆದರೆ ಅಷ್ಟು ದೂರ ಹಿಂದೆ ಬಂದ ಮೀನು ಬಣ್ಣವನ್ನು ಆಗಲೇ ಒಪ್ಪಿಕೊಂಡಿದೆ. ಒಪ್ಪದಿದ್ದರೆ ತಾನಿದ್ದ ಜಾಗ ಬಿಟ್ಟು ಬರುತ್ತಲೇ ಇರಲಿಲ್ಲ. ಅದಕ್ಕೇ ನಾನು ಎರಡು ಪ್ರಶ್ನೆ ವಾಪಸ್ ಕೇಳುತ್ತೇನೆ. ಮೀನು ಹಿಂದೆ ಇದ್ದಾಗ ನಿಮ್ಮ ಬೇಟ್ ಹೆದರಿದ ಹಾಗೆ ಏನಾದರೂ ಮಾಡಿತಾ? ಮತ್ತೆ, ಅದು ನಿಜವಾಗಿಯೂ ಕಚ್ಚಲಿಲ್ಲವಾ, ಇಲ್ಲಾ ಕೊಕ್ಕೆ ಇಲ್ಲದ ಕಡೆ ಕಚ್ಚಿತಾ?

ಎರಡನೇ ಪ್ರಶ್ನೆಗೆ ಜಾಸ್ತಿ ಜನರ ಹತ್ತಿರ ಉತ್ತರ ಇರುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಹೊಸಬರಿಗೆ ಎರಡು ಮಾತು. ಸ್ವಿಮ್‌ಬೇಟ್ ಅಂದರೆ ನಿಜವಾದ ಮೀನಿನ ಆಕಾರವೂ ನಡೆಯೂ ಇರುವ ಕೃತಕ ಬೇಟ್. ನಾನಿಲ್ಲಿ ಹೇಳುತ್ತಿರುವುದು 6 ಇಂಚಿನಿಂದ 10 ಇಂಚಿನವರೆಗಿನ ದೊಡ್ಡವುಗಳ ಬಗ್ಗೆ. ಒಂದು ಬಗೆಯದು ಮೆತ್ತನೆಯ ರಬ್ಬರಿನದು, ಬಾಲ ಬಡಿಯುತ್ತಾ ನೇರವಾಗಿ ಬರುತ್ತದೆ. ಇನ್ನೊಂದು ಗ್ಲೈಡ್ ಬೇಟ್. ಗಟ್ಟಿ ಮೈ, ನಡುವೆ ಕೀಲು, ಎಳೆದರೆ ಎಡಕ್ಕೂ ಬಲಕ್ಕೂ ಜಾರುತ್ತಾ ಬರುತ್ತದೆ. ಜಪಾನಿನ ಡೆಪ್ಸ್ ಕಂಪನಿಯ ಸ್ಲೈಡ್ ಸ್ವಿಮ್ಮರ್ 250 ಈ ಎರಡನೇ ಜಾತಿಯದು. ಹೆಸರಿನಲ್ಲಿರುವ ಸಂಖ್ಯೆ ಅದರ ಉದ್ದ, ಮಿಲಿಮೀಟರಿನಲ್ಲಿ.

ಅಷ್ಟು ದೊಡ್ಡದನ್ನು ಬಾಸ್ ತಿನ್ನುತ್ತದಾ? ಧಾರಾಳವಾಗಿ. 1959ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಕಡೆಯ ಜಲಾಶಯಗಳಿಗೆ ಫ್ಲೋರಿಡಾ ತಳಿಯ ಲಾರ್ಜ್‌ಮೌತ್ ಬಾಸ್ ತಂದು ಬಿಟ್ಟರು. ದಕ್ಷಿಣ ಕ್ಯಾಲಿಫೋರ್ನಿಯಾದ ಇಂಥ ಹಲವು ಜಲಾಶಯಗಳಿಗೆ ಚಳಿಗಾಲದಲ್ಲಿ ಗಾಳ ಹಾಕುವವರಿಗೋಸ್ಕರ ರೇನ್‌ಬೋ ಟ್ರೌಟ್ ಮೀನನ್ನೂ ಬಿಡುತ್ತಾರೆ. ಜನರಿಗಿಂತ ಮೊದಲು ಬಾಸ್ ಊಟಕ್ಕೆ ಕೂತಿತು. ಕ್ಯಾಸ್ಟೇಯ್ಕ್, ಕಸೀಟಸ್ ಥರದ ಕೆರೆಗಳು ದೈತ್ಯ ಬಾಸ್‌ಗೆ ಹೆಸರಾದವು. ಟ್ರೌಟ್ ಆಕಾರದ ಬೇಟ್‌ಗಳೂ ಅಲ್ಲೇ ಬೆಳೆದವು. ಮೊದಲು ಅಲನ್ ಕೋಲ್ ಮರದಲ್ಲಿ ಮಾಡಿದ ಎಸಿ ಪ್ಲಗ್, ಆಮೇಲೆ ಕೆನ್ ಹಡಲ್‌ಸ್ಟನ್ ಅವರ ರಬ್ಬರ್ ಟ್ರೌಟ್. ಇನ್ನೂ ಅನುಮಾನವಿದ್ದರೆ, 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದ 10.12 ಕಿಲೋ ಮೀನನ್ನು ನೆನಪಿಸಿಕೊಳ್ಳಿ. 1932ರಿಂದ ಅಲುಗಾಡದೆ ನಿಂತಿದ್ದ ವಿಶ್ವ ದಾಖಲೆಗೆ ಸಮನಾದ ಮೀನು ಅದು. ಅದು ನುಂಗಲು ಬಂದದ್ದು ಜೀವಂತ ಬ್ಲೂಗಿಲ್ ಮೀನನ್ನು.

ಈಗ ಕೊಕ್ಕೆಯ ವಿಷಯ. ಬಾಸ್ ಕಚ್ಚಿ ತುಂಡು ಮಾಡಿ ತಿನ್ನುವ ಮೀನಲ್ಲ. ಬಾಯಿ ಗಬಕ್ಕನೆ ತೆರೆದು ನೀರಿನ ಜೊತೆ ಬೇಟೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ದೊಡ್ಡ ಬೇಟೆಯಾದರೆ ತಲೆಯ ಕಡೆಯಿಂದ ನುಂಗಲು ನೋಡುತ್ತದೆ. ಬ್ಲೂಗಿಲ್ ಥರದ ಮೀನಿನ ಬೆನ್ನಮೇಲೆ ಮುಳ್ಳುಗಳಿರುತ್ತವೆ. ತಲೆ ಮೊದಲು ಹೋದರೆ ಅವು ಮಡಚಿಕೊಳ್ಳುತ್ತವೆ, ಬಾಲ ಮೊದಲು ಹೋದರೆ ಗಂಟಲಿಗೆ ಚುಚ್ಚುತ್ತವೆ. ಹಾಗಾಗಿ ಮನಸ್ಸು ಮಾಡಿದ ಬಾಸ್ ಬೇಟ್‌ನ ಮುಂದಿನ ಅರ್ಧಕ್ಕೆ ಬಾಯಿ ಹಾಕುವುದೇ ಜಾಸ್ತಿ. ಬಾಲ ಚಿವುಟಿ ಹೋಗುವುದು ಅರೆಮನಸ್ಸಿನ ಮೀನು. ನಾವೇನು ಮಾಡುತ್ತೇವೆ? ಬಾಲ ಚಿವುಟಿದ್ದು ಕಣ್ಣಿಗೆ ಕಾಣುತ್ತದೆ ಅಂತ ಬಾಲದ ಹತ್ತಿರ ಇನ್ನೊಂದು ಕೊಕ್ಕೆ ಸಿಕ್ಕಿಸುತ್ತೇವೆ. ನಾನಾದರೆ ಮುಂದಿನ ಕೊಕ್ಕೆಯನ್ನು ಮೊದಲು ಸರಿ ಮಾಡಿಕೊಳ್ಳುತ್ತೇನೆ.

8 ಇಂಚಿನ ರಬ್ಬರ್ ಟ್ರೌಟ್ ಒಂದನ್ನು ಕೈಗೆ ತಗೊಳ್ಳಿ. ಇಂಥ ಹಲವು ಬೇಟ್‌ಗಳಿಗೆ ಬೆನ್ನಮೇಲೆ ಒಂದೇ ದೊಡ್ಡ ಕೊಕ್ಕೆ ಇರುತ್ತದೆ. ಅದರ ಲಾಭ ಏನಂದರೆ ತಳದ ಕಲ್ಲು, ಕೊಂಬೆಗೆ ಸಿಕ್ಕಿಹಾಕಿಕೊಳ್ಳುವುದು ಕಡಿಮೆ. ನಷ್ಟ ಏನಂದರೆ ಮೀನು ದಪ್ಪ ರಬ್ಬರನ್ನು ಗಟ್ಟಿಯಾಗಿ ಅಮುಕಿ ಹಿಡಿದಾಗ ಕೊಕ್ಕೆಯ ಮೊನೆ ಬಾಯಿಗೆ ತಾಗುವುದೇ ಇಲ್ಲ. ನೀವು ಎಳೆಯುತ್ತೀರಿ, ಅದು ಬಾಯಿ ಬಿಡುತ್ತದೆ, ಬೇಟ್ ಹಾರಿ ಬರುತ್ತದೆ. ಅದಕ್ಕೆ ಹೊಟ್ಟೆಯ ಕಡೆ ಒಂದು ಸ್ಟಿಂಗರ್ ಬೇಕು. ಅಂದರೆ ಹೆಚ್ಚುವರಿ ಟ್ರೆಬಲ್, ಮೂರು ಮೊನೆಯ ಕೊಕ್ಕೆ. ಎಷ್ಟು ಕೊಕ್ಕೆ ಹಾಕಬಹುದು ಅನ್ನುವುದಕ್ಕೆ ಒಂದೊಂದು ಕಡೆ ಒಂದೊಂದು ಕಾನೂನು ಇರುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ.

ಸ್ಟಿಂಗರ್ ಕಟ್ಟುವುದು ಕಷ್ಟವಲ್ಲ, ಅಳತೆ ಮಾತ್ರ ಸರಿ ಇರಬೇಕು. ಗಟ್ಟಿ ಬ್ರೇಡ್ (ಹೆಣೆದ) ದಾರ ಅಥವಾ ಪ್ಲಾಸ್ಟಿಕ್ ಹೊದಿಕೆಯ ತಂತಿಯ ಒಂದು ತುದಿ ಬೇಟ್‌ನ ಮೂಗಿನ ಬಳಿ ದಾರ ಕಟ್ಟುವ ಉಂಗುರಕ್ಕೆ, ಇನ್ನೊಂದು ತುದಿ 1/0 ಅಥವಾ 2/0 ಸೈಜಿನ ಟ್ರೆಬಲ್‌ಗೆ (ಮೊದಲ ಅಂಕಿ ದೊಡ್ಡದಾದಷ್ಟೂ ಕೊಕ್ಕೆ ದೊಡ್ಡದು). ಮೂರರಲ್ಲಿ ಒಂದು ಮೊನೆಯನ್ನು ಎದೆಯ ರೆಕ್ಕೆಗಳ ಹಿಂದೆ, ಹೊಟ್ಟೆಯ ರಬ್ಬರಿಗೆ ಚುಚ್ಚಿ. ಉಳಿದ ಎರಡು ಕೆಳಮುಖವಾಗಿ ತೆರೆದಿರಲಿ. ಈಗ ಬೇಟ್‌ನ ತಲೆ ಹಿಡಿದು ಬಾಲವನ್ನು ಎರಡೂ ಕಡೆಗೆ ಬಗ್ಗಿಸಿ ನೋಡಿ. ದಾರ ಬಿಗಿಯಾಗಿ ಮೈಯನ್ನು ಜಗ್ಗಿದರೆ ಅಳತೆ ಗಿಡ್ಡ ಆಯಿತು, ನೀರಿನಲ್ಲಿ ಬಾಲ ಸರಿಯಾಗಿ ಆಡುವುದಿಲ್ಲ. ಗಲ್ಲದ ಕೆಳಗೆ ದಾರ ಜೋತುಬಿದ್ದರೆ ಉದ್ದ ಆಯಿತು, ಕಸ ಹಿಡಿಯುತ್ತದೆ. ಮೈ ಬಗ್ಗಿದಾಗ ದಾರ ಸ್ವಲ್ಪ ಸಡಿಲ ಉಳಿಯಬೇಕು, ಅಷ್ಟೇ. ಮೀನು ಹಿಡಿದ ತಕ್ಷಣ ಆ ಒಂದು ಮೊನೆ ರಬ್ಬರಿನಿಂದ ಕಿತ್ತುಕೊಂಡು ಬರುತ್ತದೆ, ಕೊಕ್ಕೆ ಪೂರ್ತಿ ಮೀನಿನದಾಗುತ್ತದೆ.

ಲೈನ್-ಥ್ರೂ ಅನ್ನುವ ಇನ್ನೊಂದು ವಿಧಾನವಿದೆ. ತೆರೆದ ನೀರಿನಲ್ಲಿ ನನಗೆ ಅದೇ ಹೆಚ್ಚು ಇಷ್ಟ. ರೀಲ್‌ನಿಂದ ಬರುವ ದಾರ ಬೇಟ್‌ನ ಮೂಗಿನಿಂದ ಒಳಹೋಗಿ ಹೊಟ್ಟೆಯಲ್ಲಿ ಹೊರಬರುತ್ತದೆ, ಅಲ್ಲಿ ಟ್ರೆಬಲ್ ಕಟ್ಟುತ್ತೇವೆ. ಮೀನು ಸಿಕ್ಕಿದ ಮೇಲೆ ಬೇಟ್ ದಾರದ ಮೇಲೆ ಜಾರಿ ಮೇಲಕ್ಕೆ ಹೋಗುತ್ತದೆ. ಇದು ಯಾಕೆ ಮುಖ್ಯ? ನಾಲ್ಕು ಔನ್ಸ್ ತೂಕದ ಬೇಟ್ ಬಾಯಲ್ಲಿ ನೇತಾಡುತ್ತಿದ್ದರೆ ಬಾಸ್ ನೀರಿನಿಂದ ಎಗರಿ ತಲೆ ಕೊಡವಿದಾಗ ಆ ತೂಕವೇ ಕೊಕ್ಕೆಯನ್ನು ಮೀಟಿ ತೆಗೆಯುತ್ತದೆ. ಬೇಟ್ ದೂರ ಸರಿದರೆ ಮೀನಿಗೆ ಕೊಡವಲು ಏನೂ ಇರುವುದಿಲ್ಲ.

ಕಳೆ ತುಂಬಿದ ಕಡೆ ಇವೆರಡೂ ಬೇಡ. ಕೆಳಗೆ ಸೀಸದ ತೂಕವೂ ಮುಂದೆ ಸ್ಕ್ರೂ ಥರದ ಸ್ಪ್ರಿಂಗೂ ಇರುವ ಅಗಲ ಕೊಕ್ಕೆ ಹಾಕಿ, ಬೇಟ್ ನೋಡಿ 6/0ಯಿಂದ 10/0ವರೆಗೆ. ಸ್ಪ್ರಿಂಗನ್ನು ಮೂಗಿನ ಸರಿಯಾದ ನಡುವಿಗೆ ತಿರುಗಿಸಿ ಹತ್ತಿಸಿ. ಕೂದಲೆಳೆ ಪಕ್ಕಕ್ಕೆ ಹೋದರೂ ಬೇಟ್ ವಾಲಿಕೊಂಡು ಈಜುತ್ತದೆ.

ಗ್ಲೈಡ್ ಬೇಟ್‌ನಲ್ಲಿ ಕಟ್ಟುವ ಕೆಲಸ ಕಡಿಮೆ, ತೂಕದ ತಲೆನೋವು ಜಾಸ್ತಿ. ಹೊಸ ಟ್ರೆಬಲ್ ಒಂದು ಸೈಜ್ ದೊಡ್ಡದಾದರೂ ಬೇಟ್ ಮುಳುಗುವ ವೇಗ ಬದಲಾಗುತ್ತದೆ, ಮೂಗು ತಗ್ಗುತ್ತದೆ ಅಥವಾ ಬಾಲ ತಗ್ಗುತ್ತದೆ. ನೀರಿನ ತಾಪ ಕೂಡ ಲೆಕ್ಕಕ್ಕೆ ಬರುತ್ತದೆ. ತಣ್ಣೀರಿನ ಸಾಂದ್ರತೆ ಹೆಚ್ಚು, ಹಾಗಾಗಿ ಬೇಸಿಗೆಯಲ್ಲಿ ನಿಧಾನವಾಗಿ ಮುಳುಗುತ್ತಿದ್ದ ಬೇಟ್ ಚಳಿಗಾಲದಲ್ಲಿ ಅಲ್ಲೇ ತೇಲಿ ನಿಲ್ಲಬಹುದು. ಪ್ರತಿ ಸಲ ದೋಣಿಯ ಪಕ್ಕದಲ್ಲೇ ಒಮ್ಮೆ ಈಜಿಸಿ ನೋಡಿ. ಬೇಕಾದರೆ ಹೊಟ್ಟೆಗೆ ಸೀಸದ ಅಂಟುಪಟ್ಟಿ ಸ್ವಲ್ಪ ಹಚ್ಚಿ.

ರಾಡ್, ರೀಲ್ ಬಗ್ಗೆ ಉದ್ದ ಎಳೆಯುವುದಿಲ್ಲ. ಸುಮಾರು 8 ಅಡಿಯ, ಬೇಟ್ ತೂಕ ತಡೆಯುವ, ನಡುವಿನವರೆಗೂ ಬಾಗುವ ರಾಡ್. 300 ಅಥವಾ 400 ಸೈಜಿನ ಬೇಟ್‌ಕಾಸ್ಟರ್ (ರಾಡ್‌ನ ಮೇಲೆ ಕೂರುವ, ಎಸೆದಾಗ ಉರುಳೆ ತಾನೇ ತಿರುಗುವ ರೀಲ್). 20ರಿಂದ 25 ಪೌಂಡ್ ಭಾರ ತಡೆಯುವ ದಾರ. ಫ್ಲೋರೋಕಾರ್ಬನ್ ದಾರ ಮುಳುಗುತ್ತದೆ, ಮೋನೋ (ಒಂದೇ ಎಳೆಯ ನೈಲಾನ್ ದಾರ) ಬಹುಮಟ್ಟಿಗೆ ಮೇಲೆ ಉಳಿಯುತ್ತದೆ, ಬೇಟ್ ನೋಡಿ ಆರಿಸಿ. ಎಸೆಯುವಾಗ ಚಾಟಿ ಬೀಸಿದ ಹಾಗೆ ಬೀಸಬೇಡಿ. ಎರಡೂ ಕೈ ಹಿಡಿದು, ತೂಕ ರಾಡ್‌ಗೆ ಬಂದದ್ದು ಗೊತ್ತಾದ ಮೇಲೆ ನಿಧಾನವಾಗಿ ತೂರಿ. ನಡುವೆ ರೀಲ್ ಸಿಕ್ಕು ಬಿದ್ದರೆ ದಾರ ಪಟ್ಟನೆ ತುಂಡಾಗಿ ದುಬಾರಿ ಬೇಟ್ ಒಂಟಿಯಾಗಿ ಹಾರಿಹೋಗುತ್ತದೆ. ಆ ಸದ್ದು ಕೇಳಿದವರಿಗೆ ಬ್ರೇಕ್ ಬಿಗಿ ಮಾಡಿ ಅಂತ ಎರಡನೇ ಸಲ ಹೇಳಬೇಕಾಗಿಲ್ಲ.

ಸರಿ, ಕೊಕ್ಕೆ ಜಾಗದಲ್ಲಿದೆ. ಮೀನು ಹಿಂದೆ ಬರುತ್ತಿದೆ. ಈಗ ಮೊದಲನೇ ಪ್ರಶ್ನೆ.

ಒಂದೇ ವೇಗದಲ್ಲಿ ಎಳೆದ ಬೇಟ್ ಮೀನನ್ನು ಕರೆತರುತ್ತದೆ, ಆದರೆ ತೀರ್ಮಾನ ಮಾಡಿಸುವುದಿಲ್ಲ. ನಿಜವಾದ ಮೀನು ಬೆನ್ನ ಹಿಂದೆ ಬಾಸ್ ಬಂದರೆ ಅದೇ ತಾಳದಲ್ಲಿ ಈಜುತ್ತಾ ಇರುತ್ತದಾ? ಇರಲ್ಲ ಅಲ್ವಾ. ಗಾಬರಿ ಬೀಳುತ್ತದೆ. ಹಾಗಾಗಿ ನೆರಳು ಕಂಡ ಕೂಡಲೇ ರೀಲ್ ಹಿಡಿಯನ್ನು ಎರಡು ಸಲ ಅರ್ಧರ್ಧ ಸುತ್ತು ಚಕಚಕನೆ ತಿರುಗಿಸಿ, ದಾರ ಸಡಿಲ ಬಿಡಿ. ಒಳ್ಳೆಯ ಗ್ಲೈಡ್ ಬೇಟ್ ಎರಡು ಹೆಜ್ಜೆ ಓಡಿ, ಪೂರ್ತಿ ತಿರುಗಿ, ಹಿಂದೆ ಬಂದ ಮೀನಿಗೆ ಮುಖ ಕೊಟ್ಟು ನಿಲ್ಲುತ್ತದೆ. ತಲೆ ಬಾಸ್‌ನ ಕಡೆಗೆ, ಮುಂದಿನ ಕೊಕ್ಕೆ ಅದರ ಬಾಯಿಯ ಮುಂದೆ. ಕಚ್ಚುವುದಿದ್ದರೆ ಬಹಳ ಸಲ ಆಗಲೇ ಕಚ್ಚುತ್ತದೆ. ಜನ ಮಾಡುವುದು ಇದರ ಉಲ್ಟಾ. ಮೀನು ಕಂಡ ಖುಷಿಗೆ ಕೈ ತಾನಾಗಿ ನಿಧಾನವಾಗುತ್ತದೆ, "ಪಾಪ, ಹಿಡೀಲಿ" ಅಂತ. ಬೇಟ್ ಸುಮ್ನೆ ನಿಧಾನವಾದರೆ ಬಾಸ್‌ಗೆ ಅದನ್ನು ಪರೀಕ್ಷೆ ಮಾಡಲು ಸಮಯ ಸಿಗುತ್ತದೆ, ಆ ಪರೀಕ್ಷೆಯಲ್ಲಿ ಪ್ಲಾಸ್ಟಿಕ್ ಪಾಸಾಗುವುದಿಲ್ಲ.

ಈ ಆಟವನ್ನು ದೋಣಿಯ ಪಕ್ಕದಲ್ಲಿ ಆಡಿದರೆ ತಡವಾಯಿತು. ಅಲ್ಲಿ ಮೀನಿಗೆ ನೀವೂ ಕಾಣುತ್ತೀರಿ. ನೀರಲ್ಲಿ ಒಂದು ಬಂಡೆ, ಮುಳುಗಿದ ಮರ, ಕಳೆಯ ಅಂಚು ಇದ್ದರೆ ಬೇಟ್ ಅದನ್ನು ದಾಟುವ ಹೊತ್ತಿಗೇ ಆ ಅರ್ಧ ಸುತ್ತು ಕೊಡಿ. ಮೀನು ಕಾಣದಿದ್ದರೂ ಕೊಡಿ. ಹಿಂದೆ ಬಂದವುಗಳಲ್ಲಿ ನಿಮಗೆ ಕಾಣುವುದು ಕೆಲವು ಮಾತ್ರ.

ರಬ್ಬರ್ ಬೇಟ್ ಹೀಗೆ ತಿರುಗುವುದಿಲ್ಲ. ಅಲ್ಲಿ ಕೋನವೇ ಆಯುಧ. ಬಾಸ್ ಬೇಟೆಯನ್ನು ಒಂದು ಗೋಡೆಗೆ ಒತ್ತಿ ಹಿಡಿಯಲು ಇಷ್ಟಪಡುತ್ತದೆ. ಗೋಡೆ ಅಂದರೆ ದಡ ಆಗಬಹುದು, ತಳ ಆಗಬಹುದು, ನೀರಿನ ಮೇಲ್ಮೈಯೂ ಆಗಬಹುದು. ದೋಣಿಯನ್ನು ಆಳವಿಲ್ಲದ ಕಡೆ ನಿಲ್ಲಿಸಿ ಆಳಕ್ಕೆ ಎಸೆದು, ಬೇಟನ್ನು ಇಳಿಜಾರಿನ ಮೇಲಕ್ಕೆ ಎಳೆದು ನೋಡಿ. ಉದ್ದಕ್ಕೂ ತಳ ಸವರಿಕೊಂಡೇ ಬರುತ್ತದೆ. ದಡಕ್ಕೆ ಎಸೆದು ಆಳಕ್ಕೆ ಎಳೆದರೆ ಸ್ವಲ್ಪ ಹೊತ್ತಿನಲ್ಲೇ ಬೇಟ್ ನಡುನೀರಿನಲ್ಲಿ ಒಂಟಿ. ಅಲ್ಲಿ ಬಾಸ್‌ಗೆ ಆತುರವೇ ಇಲ್ಲ. ಹೀಗೆ ತಳ ಸವರುವ ರಬ್ಬರ್ ಬೇಟನ್ನು ನಿಧಾನವಾಗಿ ಎಳೆಯಿರಿ. ನಿಧಾನ ಅಂದರೆ ನಿಜವಾಗಿಯೂ ನಿಧಾನ, ಬಾಲ ಬಡಿಯುವುದು ನಿಲ್ಲದಿರುವಷ್ಟು.

ಕಚ್ಚಿದಾಗ ರಾಡ್ ಮೇಲಕ್ಕೆ ಝಾಡಿಸಬೇಡಿ. ರೀಲ್ ಸುತ್ತುತ್ತಲೇ ಇರಿ, ಭಾರ ಗಟ್ಟಿಯಾದ ಮೇಲೆ ಪಕ್ಕಕ್ಕೆ ದೊಡ್ಡದಾಗಿ ಎಳೆಯಿರಿ. ರಾಡ್ ತುದಿ ತಗ್ಗಿರಲಿ, ಎಗರಲು ಬಿಡಬೇಡಿ. ನೆಟ್ ದೊಡ್ಡದಿರಲಿ, ರಬ್ಬರ್ ಬಲೆಯದಾದರೆ ಟ್ರೆಬಲ್ ಸಿಕ್ಕಿಕೊಳ್ಳುವುದೂ ಕಡಿಮೆ, ಮೀನಿನ ಮೈಯ ಲೋಳೆಯೂ ಉಳಿಯುತ್ತದೆ. ಎರಡೂ ಕೈ ಒದ್ದೆ ಮಾಡಿಕೊಂಡು ಅಡ್ಡಲಾಗಿ ಹಿಡಿಯಿರಿ. ಅಷ್ಟು ತೂಕದ ಮೀನನ್ನು ಬರೀ ದವಡೆ ಹಿಡಿದು ವಾಲಿಸಿ ಫೋಟೋ ತೆಗೆಯುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಇಷ್ಟೆಲ್ಲ ಮಾಡಿದರೂ ತಿರುಗಿ ಹೋಗುವ ಮೀನು ಇದ್ದೇ ಇರುತ್ತದೆ. ಆಗ ಅದು ಎಲ್ಲಿ ವಾಪಸ್ ತಿರುಗಿತು ಅನ್ನುವುದಕ್ಕಿಂತ ಎಲ್ಲಿಂದ ಜೊತೆ ಸೇರಿತು ಅಂತ ಗುರುತು ಮಾಡಿಕೊಳ್ಳಿ. ಅದರ ಠಿಕಾಣಿ ಅಲ್ಲೇ ಇರುತ್ತದೆ. ಬೆಳಕು ಇಳಿದ ಮೇಲೋ, ಗಾಳಿ ಎದ್ದು ನೀರು ಅಲೆಯಾಡಿದಾಗಲೋ ದೂರದಿಂದ, ಬೇರೆ ಕೋನದಿಂದ ಎಸೆಯಿರಿ. ಗ್ಲೈಡ್ ಬೇಟ್ ನೋಡಿ ಹೋದ ಮೀನಿಗೆ ನಾನು ತಳದಲ್ಲಿ ರಬ್ಬರ್ ಬೇಟ್ ಕಳಿಸುತ್ತೇನೆ, ಸ್ವಲ್ಪ ಚಿಕ್ಕದನ್ನು. ಅದೇ ಬೇಟನ್ನು ಅದೇ ದಾರಿಯಲ್ಲಿ ಮತ್ತೆ ಮತ್ತೆ ಎಳೆಯಲು ಹೋಗುವುದಿಲ್ಲ.