ಬೀಡಾಡಿ ಕೋಳಿ: ಹಿಡಿಯುವುದು ಕತ್ತಲಲ್ಲಿ, ಬಿಡುವುದು ಹತ್ತು ದಿನದ ಮೇಲೆ

ದಾವಣಗೆರೆ, 26 ಮಾರ್ಚ್ 2025, ಬುಧವಾರ

ಶನಿವಾರ ಅಮಾವಾಸ್ಯೆ. ಈ ವಾರ ಚಂದ್ರ ಹುಟ್ಟುವುದು ಬೆಳಗಿನ ಜಾವ, ಹಾಗಾಗಿ ಸಂಜೆ ಏಳೂವರೆಗೆಲ್ಲ ಪೂರ್ತಿ ಕತ್ತಲು. ಬೀಡಾಡಿ ಕೋಳಿ ಹಿಡಿದು ಹೊಸ ಮನೆಗೆ ಸೇರಿಸುವವರಿಗೆ ಇದು ಒಳ್ಳೆಯ ವಾರ.

ಮೆಕ್ಕೆಜೋಳದ ಗೋದಾಮು, ಅಕ್ಕಿ ಗಿರಣಿ, ಕಾಳು ಒಣಹಾಕುವ ಕಣ: ನಮ್ಮೂರಲ್ಲಿ ದಿಕ್ಕಿಲ್ಲದ ಕೋಳಿಗಳು ಸೇರುವುದು ಇಂಥ ಕಡೆಯೇ. ಆದರೆ ಬೀದಿಯಲ್ಲಿ ಕಂಡ ಕೋಳಿಯೆಲ್ಲ ಬೀಡಾಡಿಯಲ್ಲ. ಹೊತ್ತು ಮುಳುಗುವಾಗ ಹಿಂದೆ ಹೋಗಿ ನೋಡಿ. ಸಾಕಿದ ಕೋಳಿ ತನ್ನ ಗೂಡಿಗೆ ಹೋಗುತ್ತದೆ, ಮನೆಯಿಲ್ಲದ್ದು ಮರ ಹತ್ತುತ್ತದೆ. ಮರದಲ್ಲೇ ಮಲಗುವ ಸಾಕುಕೋಳಿಗಳೂ ಇವೆ, ಅದಕ್ಕೆ ಅಕ್ಕಪಕ್ಕದ ನಾಲ್ಕು ಮನೆಯಲ್ಲಿ ವಿಚಾರಿಸಲೇಬೇಕು. ರೆಕ್ಕೆಗೆ ಬಣ್ಣ, ಕಾಲಿಗೆ ಬಟ್ಟೆಚೂರು ಇದ್ದರೆ ಯಾರದೋ ಗುರುತು. ಗುಡಿಯ ಹತ್ತಿರ ಓಡಾಡುವ ಹುಂಜ ಹರಕೆಯದಿರಬಹುದು. ಗುಡಿಯವರನ್ನು ಕೇಳದೆ ಮುಟ್ಟುವುದು ಬೇಡ.

ಹಗಲು ಅಟ್ಟಿಸಿಕೊಂಡು ಹೋಗಬೇಡಿ. ಲಾರಿಯಡಿ ನುಗ್ಗುತ್ತದೆ, ನಾಯಿಗಳು ಸೇರಿಕೊಳ್ಳುತ್ತವೆ. ಕೋಳಿಗೆ ಬೆವರಿನ ಗ್ರಂಥಿ ಇಲ್ಲ, ಮೈ ತಣಿಸಿಕೊಳ್ಳಲು ಬಾಯಿ ತೆರೆದು ತೇಕುವುದೇ ಮುಖ್ಯ ದಾರಿ. ಈ ಬಿಸಿಲಲ್ಲಿ ಓಡಿಸಿದರೆ ಕುಸಿದು ಸಾಯುವುದೂ ಉಂಟು. ಬಲೆ ಎಸೆದರೆ ಉಗುರು ಸಿಕ್ಕಿ ಕಾಲು ಉಳುಕುತ್ತದೆ.

ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ತೀರ ಕಡಿಮೆ, ಕೂತಲ್ಲಿಂದ ಕದಲುವುದಿಲ್ಲ. ಯಾವ ಕೊಂಬೆ ಅಂತ ಹಿಂದಿನ ಸಂಜೆಯೇ ನೋಡಿಟ್ಟುಕೊಳ್ಳಿ. ಏಣಿ ಹಿಡಿಯಲು ಒಬ್ಬರು, ಹತ್ತಲು ಒಬ್ಬರು. ಟಾರ್ಚ್ ನೆಲಕ್ಕೆ ಇರಲಿ, ಕೋಳಿಯ ಮುಖಕ್ಕಲ್ಲ. ಹಿಂದಿನಿಂದ ಎರಡೂ ಅಂಗೈಯಲ್ಲಿ ರೆಕ್ಕೆಗಳನ್ನು ಮೈಗೆ ಒತ್ತಿ ಎತ್ತಿ, ತಕ್ಷಣ ಎದೆಯ ಕೆಳಗೆ ಅಂಗೈ ಕೊಟ್ಟು, ಕಾಲುಗಳನ್ನು ಬೆರಳ ಸಂದಿಯಲ್ಲಿ ಹಿಡಿಯಿರಿ. ಎದೆಯನ್ನು ಮಾತ್ರ ಬಿಗಿಯಾಗಿ ಅದುಮಬಾರದು. ಕೋಳಿಗೆ ನಮ್ಮಂತೆ ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುಪೊರೆ) ಇಲ್ಲ, ಎದೆಮೂಳೆ ಏರಿಳಿದರೆ ಮಾತ್ರ ಉಸಿರು. ಅದುಮಿದರೆ ಕೈಯಲ್ಲೇ ಉಸಿರು ಕಟ್ಟುತ್ತದೆ. ಕಾಲು ಹಿಡಿದು ತಲೆಕೆಳಗೆ ನೇತಾಡಿಸುವ ಸಂತೆಯ ಪದ್ಧತಿಯಲ್ಲೂ ಒಳಗಿನ ಅಂಗಗಳ ಭಾರ ಉಸಿರಿನ ಮೇಲೆಯೇ ಬೀಳುತ್ತದೆ. ಅದನ್ನು ಬಿಡಲೇಬೇಕು.

ಏಣಿಗೆ ಸಿಗದಷ್ಟು ಎತ್ತರದಲ್ಲಿದ್ದರೆ ಮಂಕರಿ, ಅಂದರೆ ದೊಡ್ಡ ಬುಟ್ಟಿ. ಮೂರ್ನಾಲ್ಕು ದಿನ ಬೆಳಗ್ಗೆ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಮೆಕ್ಕೆಜೋಳದ ನುಚ್ಚು ಹಾಕಿ. ಮಂಕರಿಯನ್ನು ಮೊದಲ ದಿನದಿಂದಲೇ ಕಡ್ಡಿಯ ಮೇಲೆ ಓರೆಯಾಗಿ ನಿಲ್ಲಿಸಿಡಿ, ಇಲ್ಲದಿದ್ದರೆ ಕೊನೆಯ ದಿನ ಹೊಸ ವಸ್ತು ಕಂಡು ಹತ್ತಿರ ಬರುವುದಿಲ್ಲ. ಗುಂಪೆಲ್ಲ ಒಳಗೆ ಬರುವವರೆಗೂ ಕಡ್ಡಿಯ ದಾರ ಎಳೆಯಬೇಡಿ. ಒಂದನ್ನು ಹಿಡಿದು ಉಳಿದವು ಬೆದರಿದರೆ ವಾರಗಟ್ಟಲೆ ಆ ಕಡೆ ಸುಳಿಯುವುದಿಲ್ಲ.

ಮರಿಗಳಿರುವ ಹೇಂಟೆ ನೆಲದ ಮೂಲೆಯಲ್ಲೇ ಮಲಗುತ್ತದೆ. ರಾತ್ರಿ ಮೇಲಿಂದ ಮಂಕರಿ ಮುಚ್ಚಿದರೆ ತಾಯಿ, ಮರಿ ಒಟ್ಟಿಗೆ ಸಿಗುತ್ತವೆ.

ಲಾರಿಯಿಂದ ಬಿದ್ದ ಬಿಳಿ ಬ್ರಾಯ್ಲರ್ ಬೇರೆಯದೇ ಲೆಕ್ಕ. ಹಾರಲಾರದು, ಹಗಲಲ್ಲೇ ಸಿಗುತ್ತದೆ, ಆದರೆ ಕಾಲು ಮುರಿದಿದೆಯೇ ನೋಡಬೇಕು. ಮೊದಲು ನೀರು. ಮೇವು ಅಳತೆಯಲ್ಲೇ ಕೊಡಬೇಕು. ಸದಾ ಮುಂದಿಟ್ಟರೆ ಮೈ ಬೆಳೆದು ಕಾಲು, ಹೃದಯ ಎರಡೂ ಸೋಲುತ್ತವೆ. ಇದನ್ನು ನಾಟಿ ಗುಂಪಿಗೆ ಸೇರಿಸಬೇಡಿ, ಕುಕ್ಕಿಸಿಕೊಳ್ಳುತ್ತದೆ.

ಸಾಗಿಸಲು ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಕೆಳಗೆ ಗೋಣಿತಾಟು. ಎರಡು ಹುಂಜಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಬೇಡಿ.

2025ರ ಫೆಬ್ರವರಿ, ಮಾರ್ಚ್‌ನಲ್ಲಿ ಬಳ್ಳಾರಿ, ರಾಯಚೂರು, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹಕ್ಕಿಜ್ವರ ಬಂದಿತ್ತು. ಹಿಡಿಯುವ ಜಾಗದಲ್ಲಿ ಒಮ್ಮೆಲೇ ಹಲವು ಕೋಳಿ, ಕಾಗೆ ಸತ್ತಿದ್ದರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ, ಪಶು ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು. ಆರೋಗ್ಯವಾಗಿ ಕಂಡದ್ದನ್ನೂ ಮೂರು ವಾರ ಬೇರೆ ಇಡಬೇಕು. ಕೊಕ್ಕರೆ ರೋಗ (ರಾಣಿಖೇತ್) ತಗುಲಿ ಹೊರಗೆ ಕಾಣಲು ಎರಡು ವಾರದವರೆಗೂ ಹಿಡಿಯಬಹುದು. ಹಸಿರು ಭೇದಿ, ಕತ್ತು ತಿರುಚುವುದು ಕಂಡರೆ ವೈದ್ಯರಿಗೆ ತೋರಿಸಿ. ರೆಕ್ಕೆಯಡಿ, ಗುದದ ಸುತ್ತ ಗರಿ ಬಿಡಿಸಿ ಹೇನು ನೋಡಿ. ಹೊರಳಾಡಲು ಬೂದಿ, ಒಣಮಣ್ಣು ಇಡಿ. ಕಾಲಿನ ಪೊರೆ ಎದ್ದು ಒರಟಾಗಿದ್ದರೆ ಅದು ನುಸಿಯ ಕಾಟ, ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ. ಜಂತುವಿನ ಔಷಧಿ, ಲಸಿಕೆ ವೈದ್ಯರು ಹೇಳಿದಂತೆ.

ಈ ಮೂರು ವಾರ ಕಳೆದು ಹೋಗುವ ಹೊಸ ಮನೆಯ ಮೊದಲ ಹತ್ತು ದಿನ ಹಿಡಿಯುವುದಕ್ಕಿಂತ ಮುಖ್ಯ. ಚನ್ನಗಿರಿ ಕಡೆಯ ಅಡಿಕೆ ತೋಟವಾದರೂ, ನಗರದ ಹಿತ್ತಲಾದರೂ ಬಂದ ದಿನವೇ ಬಿಟ್ಟರೆ ಕೋಳಿ ನಿಲ್ಲುವುದಿಲ್ಲ. ಗೂಡಿನಲ್ಲೇ ಹತ್ತು ದಿನ ಕೂಡಿಹಾಕಿ, ಆಮೇಲೆ ಮುಸ್ಸಂಜೆಗೆ ಒಂದು ತಾಸು ಮುಂಚೆ, ಹಸಿದಿರುವಾಗ ಬಿಡಬೇಕು. ದೂರ ಹೋಗುವಷ್ಟು ಹೊತ್ತು ಇರುವುದಿಲ್ಲ, ಕಾಳಿನ ಡಬ್ಬಿ ಅಲ್ಲಾಡಿಸಿದರೆ ಗೂಡಿಗೇ ಬರುತ್ತದೆ. ಕೋಳಿಯೊಂದಕ್ಕೆ ಗೂಡಿನಲ್ಲಿ ಮೂರು ನಾಲ್ಕು ಚದರಡಿ ಜಾಗ, ಮುಂಗುಸಿ ನುಸುಳದಂಥ ಸಣ್ಣ ಕಣ್ಣಿನ ಜಾಲರಿ ಇಲ್ಲದ ಮನೆಗೆ ಕೊಡಬೇಡಿ. ಹಳೆಯ ಗುಂಪಿದ್ದರೆ ರಾತ್ರಿ ಅವು ಮಲಗುವ ಅಡ್ಡಗೋಲಿನ ಮೇಲೆ ಪಕ್ಕದಲ್ಲಿ ಹೊಸದನ್ನು ಕೂರಿಸಿ, ಬೆಳಗಿನ ಜಗಳ ಕಡಿಮೆಯಾಗುತ್ತದೆ.

ಹುಂಜಕ್ಕೆ ಮನೆ ಸಿಗುವುದೇ ಕಷ್ಟ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಆದ್ದರಿಂದ ಹಿಡಿಯುವ ಮೊದಲೇ ಅದಕ್ಕೊಂದು ಮನೆ ಗೊತ್ತು ಮಾಡಿಕೊಳ್ಳಿ. ಜೂಜಿನ ಕೋಳಿ ಅಂಕಕ್ಕೆ (ಕೋಳಿ ಕಾಳಗಕ್ಕೆ) ಕೇಳುವವರೂ ಬರುತ್ತಾರೆ. ಗೂಡನ್ನು ಕಣ್ಣಾರೆ ನೋಡದೆ ಯಾರ ಕೈಗೂ ಕೊಡಬೇಡಿ.